ಏರಿನಲ್ಲಿ ನಿಲ್ಲುವ ಮೋಟಾರು ಸೈಕಲ್ಲು

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಿಂದ ಮಂಗಳೂರಿನ ಕದ್ರಿಗೆ ಬರುವವರು ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟಿ, ಕೊಟ್ಟಾರ ಚೌಕಿ ಮತ್ತು ಕುಂಟಿಕಾನಗಳನ್ನು ಹಾದು, ಅಲ್ಲಿಂದ ಗುಡ್ಡೆಯನ್ನೇರಿ ಕೆ.ಪಿ.ಟಿ. ವೃತ್ತವನ್ನು ಸೇರಬೇಕು. ರಾಷ್ಟ್ರೀಯ ಹೆದ್ದಾರಿಯಾದುದರಿಂದ ಹಗಲಿರುಳೆನ್ನದೆ ಇಲ್ಲಿ ಲಾರಿಗಳ ಸಂಚಾರ. ಕದ್ರಿಯಲ್ಲಿ ನಮ್ಮ ನೆರೆಯಲ್ಲಿ ವಾಸವಾಗಿರುವ, ವಿದ್ಯುತ್ ತಂತಿ ಎಳೆಯುವ ಕೆಲಸದ ತರುಣನೊಬ್ಬನ ಮೋಟಾರು ಸೈಕಲ್ಲು ಆಟಿ ತಿಂಗಳ ಒಂದು ಸಂಜೆ ಈ ಏರಿನ ನಡುಮಧ್ಯದಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದ ಲಾರಿಯ ಚಾಲಕನು ಜಾಗರೂಕನಾಗಿದ್ದುದರಿಂದ ಒಂದು ಮಾರು ದೂರದಲ್ಲಿ ಗಾಡಿಯನ್ನು ತಡೆದನು. ಅದರಿಂದ ತರುಣನು ಉಳಿದನು.

ಅದು ಮೊದಲ ಸಲವಾಗಿರಲಿಲ್ಲ. ಮಳೆ ಹಿಡಿದಂದಿನಿಂದಲೂ ವಾರಕ್ಕೆರಡು ಸಲ ಹೀಗಾಗುತ್ತಿತ್ತು. ಹತ್ತು ನಿಮಿಷ ಕಾದು ಕಿಕ್ಕು ಹೊಡೆದರೆ ಯಂತ್ರವು ಏನೂ ಆಗದಂತೆ ಹೊರಡುತ್ತಿತ್ತು. ಮಳೆಯಲ್ಲಿ ನಿಲ್ಲುವ ಯಂತ್ರಕ್ಕೆ ವಿದ್ಯುತ್ ಕಿಡಿಯ ದೋಷವೇ ಇರಬೇಕೆಂದು ಗ್ಯಾರೇಜಿನಲ್ಲಿ ತೀರ್ಮಾನವಾಗಿ, ಮೊದಲು ಪ್ಲಗ್ಗು ಬದಲಾಯಿತು. ತರುವಾಯ ಕಾಯಿಲು ಬದಲಾಯಿತು. ಕಾರ್ಬುರೇಟರನ್ನೇ ಹೊಸದಾಗಿ ಹಾಕಿಸಬೇಕೆಂಬ ಮಾತು ಬಂದಾಗ ಅದರ ಬೆಲೆಗೆ ಬೆದರಿ ಅವನು ನನ್ನ ಬಳಿಗೆ ಬಂದನು. “ಮಾಸ್ಟ್ರೇ, ಬಿಸಿಲಲ್ಲಿ ಒಂದು ತೊಂದರೆಯಿಲ್ಲ, ಮಳೆ ಬಂದರೆ ಮಾತ್ರ ಹೀಗೆ. ಅದೂ ಟಾಂಕಿ ತುಂಬ ಪೆಟ್ರೋಲು ಹಾಕಿಸಿದ ದಿನವೇ ಬೇಗ ನಿಲ್ಲುತ್ತದೆ. ಇದು ಯಾವ ನ್ಯಾಯ?” ಎಂದನು. ಕೊನೆಯ ಮಾತನ್ನು ಅವನು ಬೇಸರದಿಂದ ಆಡಿದ್ದನು. ನಾನೂ ಅದಕ್ಕೆ ಆಗ ಬೆಲೆ ಕೊಡಲಿಲ್ಲ. ರೋಗದ ಮೂಲವೆಲ್ಲವೂ ಆ ಮಾತಿನಲ್ಲಿಯೇ ಅಡಗಿದ್ದಿತೆಂಬುದು ಎರಡು ದಿನಗಳ ಮೇಲೆ ತಿಳಿಯಿತು.

ಪೆಟ್ರೋಲು ಯಂತ್ರವು ನಡೆಯಬೇಕಾದರೆ ಗಾಳಿ, ಇಂಧನ, ಕಿಡಿ ಈ ಮೂರೂ ತಕ್ಕ ಸಮಯದಲ್ಲಿ ತಕ್ಕ ಪ್ರಮಾಣದಲ್ಲಿ ಒದಗಬೇಕು. ಒಂದು ತೂಕದ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ತೂಕದ ಗಾಳಿ ಬೇಕು. ಇದನ್ನು ಅಳತೆಗೆ ತಿರುಗಿಸಿದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ! ಇಂಧನವು ಈ ಪ್ರಮಾಣಕ್ಕಿಂತ ಬಹಳವಾಗಿ ಕಡಿಮೆಯಾದರೆ ಮಿಶ್ರಣವು ತೆಳುವಾಗಿ, ಕಿಡಿಯು ಹಾರಿದರೂ ಉರಿ ಹತ್ತುವುದಿಲ್ಲ.

ಯಂತ್ರವು ನಿಂತುದು ಕಿಡಿಯಿಲ್ಲದೆಯೋ ಇಂಧನವಿಲ್ಲದೆಯೋ ಎಂಬುದನ್ನು ಅದು ನಿಂತ ರೀತಿಯೇ ಬಹುಮಟ್ಟಿಗೆ ಹೇಳುತ್ತದೆ. ಕಿಡಿಯು ತಪ್ಪಿದಾಗ ದೀಪದ ಸ್ವಿಚ್ಚನ್ನು ಆರಿಸಿದಂತೆ ಯಂತ್ರವು ಥಟ್ಟನೆ ನಿಲ್ಲುತ್ತದೆ. ಇಂಧನವು ತಪ್ಪಿದಾಗಲಾದರೋ ಎಣ್ಣೆ ಬತ್ತಿದ ಹಣತೆಯಂತೆ ಅದು ಸ್ವಲ್ಪ ಹೊತ್ತು ತೇಕುತ್ತದೆ. ಬಲವು ಕುಗ್ಗುತ್ತದೆ, ಒಮ್ಮೆ ಚೇತರಿಸಿಕೊಂಡಂತೆ ಮಾಡಿ ಮತ್ತೆ ಕುಸಿಯುತ್ತದೆ. ಆ ಗಳಿಗೆಯಲ್ಲಿ ಚೋಕನ್ನು ಎಳೆದರೆ ನಾಲ್ಕು ಹೆಜ್ಜೆ ಮುಂದಕ್ಕೆ ಹೋಗುವುದೂ ಉಂಟು. ಏಕೆಂದರೆ ಚೋಕು ಗಾಳಿಯನ್ನು ತಡೆದು ಇರುವ ಇಂಧನಕ್ಕೇ ಪ್ರಾಧಾನ್ಯ ಕೊಡುತ್ತದೆ. ನಿಂತ ಒಡನೆಯೇ ಪ್ಲಗ್ಗನ್ನು ಬಿಚ್ಚಿ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಕಿಡಿಯಿಲ್ಲದೆ ಹಲವು ಸಲ ಕಿಕ್ಕು ಹೊಡೆದ ಯಂತ್ರದ ಪ್ಲಗ್ಗು ಪೆಟ್ರೋಲಿನಿಂದ ತೊಯ್ದಿರುತ್ತದೆ. ಇಂಧನವಿಲ್ಲದ ಯಂತ್ರದ ಪ್ಲಗ್ಗು ಒಣಗಿರುತ್ತದೆ. ನಮ್ಮ ತರುಣನ ವಾಹನವು ತೇಕಿ ತೇಕಿ ನಿಲ್ಲುತ್ತಿದ್ದಿತು, ಪ್ಲಗ್ಗೂ ಒಣಗಿದ್ದಿತು. ಇಷ್ಟನ್ನು ಮೊದಲೇ ಕೇಳಿದ್ದರೆ ಕಾಯಿಲಿನ ಖರ್ಚು ಉಳಿಯುತ್ತಿತ್ತು.

ಇನ್ನು ಪೆಟ್ರೋಲು ನಡೆಯುವ ದಾರಿಯನ್ನು ನೋಡೋಣ. ಹಳೆಯ ಬಗೆಯ ಮೋಟಾರು ಸೈಕಲ್ಲುಗಳಲ್ಲಿ ಪಂಪು ಇರುವುದಿಲ್ಲ. ಟಾಂಕಿಯು ಮೇಲಿದೆ, ಕಾರ್ಬುರೇಟರು ಕೆಳಗಿದೆ. ಮನೆಯ ಮಾಳಿಗೆಯ ತೊಟ್ಟಿಯಿಂದ ಬಚ್ಚಲಿನ ನಲ್ಲಿಗೆ ನೀರಿಳಿಯುವಂತೆ ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತದೆ. ಟಾಂಕಿಯ ತಳದ ನಲ್ಲಿಯೊಳಗೆ ಒಂದು ಎತ್ತರದ, ಒಂದು ಗಿಡ್ಡನೆಯ ಬಾಯಿ ಇರುವುದುಂಟು. ಎತ್ತರದ ಬಾಯಿಗೆ ಪೆಟ್ರೋಲು ಎಟುಕದಾದಾಗ ಗಿಡ್ಡ ಬಾಯಿಯನ್ನು ತೆರೆಯುವುದಕ್ಕೇ ‘ರಿಸರ್ವು’ ಎಂದು ಹೆಸರು. ಅಲ್ಲಿಂದ ಜಾಲರಿಯ ಮೂಲಕ ರಬ್ಬರು ಕೊಳವೆಗೆ, ಕೊಳವೆಯಿಂದ ಕಾರ್ಬುರೇಟರಿನ ಬಟ್ಟಲಿಗೆ. ಬಟ್ಟಲಿನಲ್ಲಿ ಒಂದು ತೇಲು ಇದೆ. ಪೆಟ್ರೋಲು ಏರಿದಂತೆ ತೇಲು ಮೇಲೆದ್ದು ಸೂಜಿಯೊಂದನ್ನು ಒತ್ತಿ ಬಾಗಿಲನ್ನು ಮುಚ್ಚುತ್ತದೆ, ಇಳಿದಂತೆ ತೆರೆಯುತ್ತದೆ. ಬಟ್ಟಲಿನಿಂದ ಸಣ್ಣ ರಂಧ್ರಗಳ ಮೂಲಕ ಪೆಟ್ರೋಲು ಮೇಲೇರಿ, ಇಕ್ಕಟ್ಟಾದ ಕೊರಳಿನಲ್ಲಿ ವೇಗವಾಗಿ ಹರಿಯುವ ಗಾಳಿಗೆ ಸೇರುತ್ತದೆ. ಕೊರಳು ಇಕ್ಕಟ್ಟಾದ ಕಡೆ ಹರಿವಿನ ವೇಗವು ಹೆಚ್ಚಿ ಒತ್ತಡವು ತಗ್ಗುವುದೆಂಬ ತತ್ತ್ವವು ಇಟಲಿಯ ವೆಂಚುರಿ (೧೭೪೬–೧೮೨೨) ಎಂಬ ವಿದ್ವಾಂಸನ ಹೆಸರಿನೊಡನೆ ಸೇರಿಕೊಂಡಿದೆ. ಪೆಟ್ರೋಲನ್ನು ಹೀಗೆ ಸೂಕ್ಷ್ಮವಾದ ಬಾಯಿಯಿಂದ ಗಾಳಿಗೆ ಸಿಂಪಡಿಸುವ ಕಾರ್ಬುರೇಟರನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ೧೮೯೩ರಲ್ಲಿ ರಚಿಸಿದನು.

ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಯಂತ್ರವು ನಿಲ್ಲುವುದೇ ಸರಿ. ಆದರೆ ಯಾವಾಗ ನಿಲ್ಲುತ್ತದೆ ಎಂಬುದು ತಡೆಯಿರುವ ಎಡೆಯನ್ನು ತೋರಿಸುತ್ತದೆ. ಕೆಂಪು ದೀಪದ ಮುಂದೆ ನಿಂತಾಗ ಮಾತ್ರ ಆರಿಹೋಗಿ, ಓಡುವಾಗ ಸುಖವಾಗಿ ಓಡುವ ವಾಹನದಲ್ಲಿ ಮಂದಗತಿಗೆಂದು ಇರುವ ಕಿರಿಯ ರಂಧ್ರವು ಕಟ್ಟಿರುವ ಸಂಭವ ಹೆಚ್ಚು. ಹೊರಟೊಡನೆಯೇ ಏರಿನಲ್ಲಿ ಬಲ ಕುಂದಿದರೆ ದೊಡ್ಡ ರಂಧ್ರವನ್ನು ಶಂಕಿಸಬೇಕು. ಹೊರಟಾಗ ಚೆನ್ನಾಗಿದ್ದು, ಕೆಲವು ಕಿಲೋಮೀಟರು ಹೋದ ಮೇಲೆ ನಿಂತು, ಕಾದರೆ ಮತ್ತೆ ಹೊರಡುವ ವಾಹನದಲ್ಲಿ ರಂಧ್ರಗಳು ನಿರ್ದೋಷಿಗಳು. ಅಲ್ಲಿ ಬಟ್ಟಲಿಗೆ ಬರುವ ವರಮಾನಕ್ಕಿಂತ ವೆಚ್ಚವು ಹೆಚ್ಚಾಗಿದೆಯೆಂದು ಅರ್ಥ. ಬಟ್ಟಲು ಚಿಕ್ಕದಾದರೂ ಅದರಲ್ಲಿರುವ ಪೆಟ್ರೋಲು ಒಂದೆರಡು ಕಿಲೋಮೀಟರಿಗೆ ಸಾಕಾಗುತ್ತದೆಯಾದ್ದರಿಂದ ದೋಷವು ತಡವಾಗಿ ಕಾಣುತ್ತದೆ.

ಒಂದು ಭಾನುವಾರ ಮಳೆಯು ಬಿಟ್ಟಿದ್ದಾಗ ಅಂಗಳದಲ್ಲಿ ಕೆಲಸಕ್ಕೆ ತೊಡಗಿದೆವು. ಯಂತ್ರವು ಪೂರ್ತಿ ತಣಿದಿರಬೇಕು. ಬೀಡಿ, ಸಿಗರೇಟು, ದೀಪಗಳು ಹತ್ತಿರ ಸುಳಿಯಬಾರದು. ಮುಚ್ಚಿದ ಕೋಣೆಯಲ್ಲಿ ಈ ಕೆಲಸವು ಸರ್ವಥಾ ಕೂಡದು. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದುದರಿಂದ ನೆಲವನ್ನು ಹಿಡಿದು ಹರಿಯುತ್ತದೆ; ಹತ್ತಡಿ ದೂರದ ಒಲೆಯೂ ಅದಕ್ಕೆ ಬೆಂಕಿ ಕೊಡಬಲ್ಲುದು.

ಮೊದಲು ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ಅದರಲ್ಲಿದ್ದುದನ್ನು ಗಾಜಿನ ಸೀಸೆಗೆ ಇಳಿಸಿದೆವು. ಸೀಸೆಯ ತಳದಲ್ಲಿ ಗುಂಡುಗುಂಡಾದ ನೀರಿನ ಮಣಿಗಳು, ಅವುಗಳೊಡನೆ ಕೆಂಪು ಕಸರು ಕಂಡುಬಂದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇದೇನೂ ಆಶ್ಚರ್ಯವಲ್ಲ. ‘ಕಳ್ಳನು ಸಿಕ್ಕಿದನು’ ಎಂದು ನಾನು ಹೇಳಿಬಿಟ್ಟೆ.

ಈ ನೀರಿನ ವಿಷಯವಾಗಿ ಎರಡು ಮಾತು ಹೇಳಬೇಕು. ಶುದ್ಧ ಪೆಟ್ರೋಲಿಗೂ ನೀರಿಗೂ ಕೂಡಿಬರುವುದಿಲ್ಲ. ನೀರು ಹೆಚ್ಚು ಭಾರವಾಗಿರುವುದರಿಂದ ಕೆಳಗಿಳಿದು, ನಲ್ಲಿಯ ಬಾಯಿಯ ಬಳಿಯಲ್ಲಿಯೇ ಕುಳಿತಿರುತ್ತದೆ. ಆದರೆ ಈಗ ನಮ್ಮ ದೇಶದಲ್ಲಿ ದೊರೆಯುವ ಪೆಟ್ರೋಲು ಶುದ್ಧ ಪೆಟ್ರೋಲಲ್ಲ. ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥನಾಲು ಎಂಬ ಮದ್ಯಸಾರವನ್ನು ಅದಕ್ಕೆ ಬೆರೆಸುತ್ತಾರೆ. ೨೦೨೨ರಲ್ಲಿ ಈ ಬೆರಕೆಯು ಶೇಕಡ ೧೦ನ್ನು ಮುಟ್ಟಿತು, ೨೦೨೫ರಲ್ಲಿ ಶೇಕಡ ೨೦ಕ್ಕೆ ಏರಿತು. ಮದ್ಯಸಾರವು ಪೆಟ್ರೋಲಿಗೂ ನೆಂಟ, ನೀರಿಗೂ ನೆಂಟ. ಅದರ ದಾಕ್ಷಿಣ್ಯದಿಂದ ಅಲ್ಪಸ್ವಲ್ಪ ನೀರು ಪೆಟ್ರೋಲಿನಲ್ಲಿ ಕರಗಿ ಯಂತ್ರದೊಳಕ್ಕೆ ಹೋಗಿ ನಿರಪಾಯವಾಗಿ ಹೊರಬೀಳುತ್ತದೆ. ಶೇಕಡ ೧೦ ಎಥನಾಲಿರುವ ಪೆಟ್ರೋಲು ಸುಮಾರು ಶೇಕಡ ಅರ್ಧದಷ್ಟು ನೀರನ್ನು ಹೀಗೆ ತಾಳಿಕೊಳ್ಳುತ್ತದೆ. ಮಿತಿ ಮೀರಿದೊಡನೆ ಮದ್ಯಸಾರವು ಪೆಟ್ರೋಲಿನ ಕೈಬಿಟ್ಟು ನೀರಿನ ಪಕ್ಷವನ್ನು ಸೇರುತ್ತದೆ. ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಹತ್ತು ಚಮಚೆ ಪೆಟ್ರೋಲಿಗೆ ಒಂದು ಚಮಚೆ ನೀರು ಹಾಕಿ ಕುಲುಕಿ ಇಟ್ಟರೆ ಕೆಳಗಿನ ಪದರವು ಒಂದು ಚಮಚೆಯಾಗಿರದೆ ಬಹಳ ಹೆಚ್ಚಾಗಿರುವುದನ್ನು ಯಾರಾದರೂ ಕಾಣಬಹುದು. ಬಂಕಿನವನು ನೀರು ಬೆರೆಸಿದನೆಂದು ದೂರುವ ಮುನ್ನ ಇದು ನೆನಪಿರಲಿ. ಇಂತಹ ಪದರವು ಬಟ್ಟಲಿಗೆ ಬಂದರೆ ಯಂತ್ರವು ಕೆಮ್ಮುವುದರಲ್ಲಿ ಸಂದೇಹವಿಲ್ಲ.

ಬಟ್ಟಲನ್ನು ತೊಳೆದೆವು, ಟಾಂಕಿಯ ತಳದ ಪೆಟ್ರೋಲನ್ನು ಇಳಿಸಿ ನೀರನ್ನು ಬೇರ್ಪಡಿಸಿದೆವು. ಸೋಮವಾರ ಸಂಜೆ ವಾಹನವು ಕೂಳೂರು ಸೇತುವೆಯ ಬಳಿ ನಿಂತಿತು!

ನಾನು ಕಂಡ ನೀರು ನಿಜವಾಗಿಯೂ ಇದ್ದಿತು, ಆದರೆ ಅದು ರೋಗವಾಗಿರಲಿಲ್ಲ; ರೋಗದ ಇನ್ನೊಂದು ಲಕ್ಷಣವಾಗಿತ್ತು. ಮರುದಿನ ಹರಿವನ್ನು ಅಳೆಯಲು ನಿಶ್ಚಯಿಸಿದೆವು. ಕಾರ್ಬುರೇಟರಿನಿಂದ ಕೊಳವೆಯನ್ನು ಬಿಡಿಸಿ ಅಳತೆಯ ಸೀಸೆಗೆ ಹಿಡಿದು ನಲ್ಲಿಯನ್ನು ತೆರೆದರೆ ನಿಮಿಷಕ್ಕೆ ಸುಮಾರು ೨೦೦ ಮಿಲಿಲೀಟರು ಪೆಟ್ರೋಲು ಬಂದಿತು. ಇದು ಬೇಕಾದುದಕ್ಕಿಂತ ಬಹಳ ಹೆಚ್ಚು. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಲೀಟರಿಗೆ ೩೫ ಕಿಲೋಮೀಟರಿನಂತೆ ಓಡಿದರೂ ನಿಮಿಷಕ್ಕೆ ೪೦ ಮಿಲಿಲೀಟರು ಸಾಕು. ನಲ್ಲಿ, ಜಾಲರಿ, ಕೊಳವೆ ಎಲ್ಲವೂ ಸರಿಯಾಗಿವೆ ಎಂದಾಯಿತು. ಹಾಗಾದರೆ ದೋಷವೆಲ್ಲಿ?

ಆಗ ತರುಣನು ಟಾಂಕಿಯ ಮುಚ್ಚಳವನ್ನು ಹಾಕಿ ಬೀಗ ತಿರುವಿದನು. ಎಷ್ಟು ಪೆಟ್ರೋಲಿದೆಯೆಂದು ನೋಡಲು ನಾವು ಅದನ್ನು ತೆರೆದಿಟ್ಟಿದ್ದೆವು. ಗ್ಯಾರೇಜಿನಲ್ಲಿಯೂ ಹಾಗೆಯೇ ನಡೆದಿರಬೇಕು: ಬಂದ ವಾಹನದ ಮುಚ್ಚಳವನ್ನು ತೆರೆದು ಪೆಟ್ರೋಲಿದೆಯೇ ಎಂದು ನೋಡುವುದು ಮೊದಲ ಕೆಲಸ. ವೈದ್ಯನು ಬಾಗಿಲನ್ನು ತೆರೆದೊಡನೆ ರೋಗಿಯ ಉಸಿರುಕಟ್ಟು ನಿಂತುಹೋದರೆ ಅವನು ರೋಗವನ್ನು ಕಾಣುವುದೆಂತು? ಮುಚ್ಚಳವನ್ನು ಹಾಕಿ ಮತ್ತೊಮ್ಮೆ ಹರಿಯಬಿಟ್ಟೆವು. ಮೊದಲು ಅದೇ ಧಾರೆ. ಅರ್ಧ ನಿಮಿಷವಾಗುವಷ್ಟರಲ್ಲಿ ಧಾರೆಯು ಸಣ್ಣದಾಯಿತು, ಹನಿಯಾಯಿತು, ನಿಂತಿತು. ಮುಚ್ಚಳವನ್ನು ತಿರುವಿದಾಗ ‘ಸುಸ್ಸ್’ ಎಂದು ಗಾಳಿಯು ಒಳಕ್ಕೆ ನುಗ್ಗಿದ ಸದ್ದು ಕೇಳಿ, ಕೊಳವೆಯಲ್ಲಿ ಪೆಟ್ರೋಲು ಮೊದಲಿನಂತೆ ಹರಿಯಿತು.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬೀಳದೆಂಬುದನ್ನು ಅಂಗಡಿಯವರೆಲ್ಲರೂ ಬಲ್ಲರು. ಎದುರು ಮೂಲೆಯಲ್ಲಿ ಇನ್ನೊಂದು ತೂತು ಬೇಕು. ಟಾಂಕಿಯಿಂದ ಪೆಟ್ರೋಲು ಇಳಿದಷ್ಟೇ ಗಾಳಿಯು ಒಳಗೆ ಬರಬೇಕು. ಇದಕ್ಕೆಂದೇ ಮುಚ್ಚಳದಲ್ಲಿ ಸೂಕ್ಷ್ಮವಾದ ಉಸಿರುರಂಧ್ರವಿರುತ್ತದೆ. ಅದು ಮುಚ್ಚಿಹೋದರೆ ಎಷ್ಟು ಬೇಗ ಹರಿವು ನಿಲ್ಲುವುದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಭೂಮಿಯ ವಾಯುಮಂಡಲದ ಒತ್ತಡವು ೧೦ ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದ ನೀರಿನ ಕಂಬವನ್ನು ಎತ್ತಿ ನಿಲ್ಲಿಸಬಲ್ಲುದು. ಪೆಟ್ರೋಲು ಹಗುರವಾದುದರಿಂದ ಅದರ ಕಂಬವಾದರೆ ಸುಮಾರು ೧೪ ಮೀಟರು. ಟಾಂಕಿಯ ಪೆಟ್ರೋಲಿನ ಮಟ್ಟವು ಬಟ್ಟಲಿಗಿಂತ ೨೫ ಸೆಂಟಿಮೀಟರು ಮೇಲಿದೆಯೆಂದು ಇಟ್ಟುಕೊಳ್ಳೋಣ. ಇದು ೧೪ ಮೀಟರಿನಲ್ಲಿ ಶೇಕಡ ಎರಡಕ್ಕೂ ಕಡಿಮೆ. ಎಂದರೆ, ಟಾಂಕಿಯೊಳಗಿನ ಗಾಳಿಯ ಒತ್ತಡವು ಶೇಕಡ ಎರಡರಷ್ಟು ತಗ್ಗಿದರೆ ಸಾಕು, ಹೊರಗಿನ ಒತ್ತಡವೇ ಪೆಟ್ರೋಲನ್ನು ತಡೆದು ನಿಲ್ಲಿಸುತ್ತದೆ.

೧೨ ಲೀಟರಿನ ಟಾಂಕಿಯು ಅರ್ಧ ತುಂಬಿದ್ದರೆ ಒಳಗಿನ ಗಾಳಿಯು ೬ ಲೀಟರು. ಇದರ ಒತ್ತಡವು ಶೇಕಡ ಎರಡು ತಗ್ಗಲು ಅದು ಶೇಕಡ ಎರಡು, ಅಂದರೆ ೧೨೦ ಮಿಲಿಲೀಟರು ಹಿಗ್ಗಬೇಕು. ಅಷ್ಟು ಪೆಟ್ರೋಲು ಇಳಿದರೆ ಮುಗಿಯಿತು. ಬಟ್ಟಲಿನಲ್ಲಿರುವ ೪೦ ಮಿಲಿಲೀಟರನ್ನೂ ಸೇರಿಸಿ, ಲೀಟರಿಗೆ ೫೦ ಕಿಲೋಮೀಟರಿನಂತೆ ಎಣಿಸಿದರೆ ವಾಹನವು ೮ ಕಿಲೋಮೀಟರು ಹೋಗಿ ನಿಲ್ಲಬೇಕು. ಬೈಕಂಪಾಡಿಯಿಂದ ಕೆ.ಪಿ.ಟಿ. ಏರಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಟಾಂಕಿಯನ್ನು ತುಂಬಿಸಿದ ದಿನ? ಆಗ ಒಳಗೆ ಒಂದು ಲೀಟರು ಗಾಳಿ ಮಾತ್ರ. ೨೦ ಮಿಲಿಲೀಟರು ಇಳಿದರೆ ತಡೆ ಬೀಳುತ್ತದೆ, ಬಟ್ಟಲಿನದೂ ಸೇರಿ ೩ ಕಿಲೋಮೀಟರು. ಆ ಹೊತ್ತಿಗೆ ಅವನು ಕೂಳೂರಿನ ಆಸುಪಾಸಿನಲ್ಲಿರುತ್ತಾನೆ. ‘ಇದು ಯಾವ ನ್ಯಾಯ’ ಎಂದು ಅವನು ಕೇಳಿದುದಕ್ಕೆ ಉತ್ತರವಿದು. ಲೆಕ್ಕವು ಸ್ಥೂಲವೆಂಬುದನ್ನು ಒಪ್ಪಿಕೊಳ್ಳಬೇಕು: ಒಳಗಿರುವುದು ಬರಿಯ ಗಾಳಿಯಲ್ಲ, ಪೆಟ್ರೋಲಿನ ಆವಿಯೂ ಇದೆ, ಆ ಆವಿಯು ಕೊರತೆಯನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಕೊಡುವುದರಿಂದ ದೂರವು ಹೆಚ್ಚಬಹುದು. ಹತ್ತು ನಿಮಿಷ ಕಾದರೆ ವಾಹನವು ಮತ್ತೆ ಹೊರಡುವುದಕ್ಕೂ ಕಾರಣವು ಇದೇ: ಕಾಯುವಾಗ ಬಿಸಿ ಯಂತ್ರದ ಮೇಲಿನ ಟಾಂಕಿಯಲ್ಲಿ ಆವಿಯು ಏಳುತ್ತದೆ, ಮುಚ್ಚಳದ ಸಂದಿನಿಂದ ಒಂದಿಷ್ಟು ಗಾಳಿಯೂ ನುಸುಳುತ್ತದೆ.

ಇನ್ನು ಮಳೆಯ ಸಂಗತಿ. ಅನಿಲವು ತಣಿದರೆ ಅದರ ಒತ್ತಡವು ತಗ್ಗುತ್ತದೆ. ನಮ್ಮ ಹವೆಯಲ್ಲಿ ಗಾಳಿಯ ನಿರಪೇಕ್ಷ ಉಷ್ಣತೆಯು ಸುಮಾರು ೩೦೦ ಡಿಗ್ರಿ. ಇದರಲ್ಲಿ ಶೇಕಡ ಎರಡೆಂದರೆ ೬ ಡಿಗ್ರಿ. ಕಾರ್ಖಾನೆಯ ಮಾಡಿನಡಿ ಬೆಚ್ಚಗೆ ನಿಂತಿದ್ದ ತಗಡಿನ ಟಾಂಕಿಯ ಮೇಲೆ ಆಟಿಯ ಮಳೆಯು ಸುರಿದರೆ ಅದು ಆರು ಡಿಗ್ರಿ ತಣಿಯಲು ಎಷ್ಟು ಹೊತ್ತು ಬೇಕು? ಆವಿಯೂ ತಣಿದು ದ್ರವವಾಗುವುದರಿಂದ ಒತ್ತಡವು ಇನ್ನೂ ಹೆಚ್ಚಾಗಿ ಕುಸಿಯುತ್ತದೆ. ಒಂದು ಹನಿ ಪೆಟ್ರೋಲು ಇಳಿಯದಿದ್ದರೂ ಬರಿಯ ಮಳೆಯೇ ಹರಿವನ್ನು ನಿಲ್ಲಿಸಬಲ್ಲುದು! ಬಿಸಿಲಿನಲ್ಲಾದರೋ ಟಾಂಕಿಯು ಕಾದು ಒಳಗಿನ ಒತ್ತಡವು ಏರಿ, ಪೆಟ್ರೋಲನ್ನು ಕೆಳಕ್ಕೆ ತಳ್ಳಿಕೊಡುತ್ತದೆ. ಬೇಸಗೆಯುದ್ದಕ್ಕೂ ರೋಗವು ಮರೆಯಾಗಿದ್ದುದು ಹೀಗೆ. ಕಿಡಿಯನ್ನೂ ತಂತಿಯನ್ನೂ ದೂರಿದವರು ಮಳೆಯು ನೆನೆಸುತ್ತದೆಂಬುದನ್ನು ಮಾತ್ರ ನೆನೆದರು, ಅದು ತಣಿಸುತ್ತದೆಂಬುದನ್ನು ಮರೆತರು.

ಮುಚ್ಚಳವನ್ನು ಬಿಚ್ಚಿ ನೋಡಿದಾಗ ಉಸಿರುರಂಧ್ರದಲ್ಲಿ ಮುರಕಲ್ಲಿನ ಕೆಂಪು ಹುಡಿಯೂ ಟಾಂಕಿಗೆ ಹೊಳಪು ಬರಲೆಂದು ತಿಕ್ಕಿದ ಮೇಣವೂ ಸೇರಿ ಗಟ್ಟಿಯಾಗಿದ್ದವು. ಮುಚ್ಚಳದ ಸುತ್ತಲಿನ ತಗ್ಗಿನಿಂದ ಮಳೆನೀರು ಕೆಳಗಿಳಿಯಲು ಒಂದು ಸಣ್ಣ ಕೊಳವೆ ಇರುತ್ತದೆ; ಅದೂ ಅದೇ ಕೆಸರಿನಿಂದ ಕಟ್ಟಿತ್ತು. ತಗ್ಗಿನಲ್ಲಿ ನೀರು ನಿಂತಿರುವಾಗ ಟಾಂಕಿಯು ಒಳಗಿನಿಂದ ಹೀರುತ್ತಿದ್ದರೆ ರಬ್ಬರಿನ ಅಂಚಿನಿಂದ ಒಳಸೇರುವುದು ಗಾಳಿಯಲ್ಲ, ನೀರು. ಭಾನುವಾರ ನಾನು ಹಿಡಿದ ಕಳ್ಳನು ಈ ದಾರಿಯಿಂದ ಬಂದವನು. ಸಾಬೂನು ನೀರು, ಮೆದುವಾದ ಬ್ರಷ್ಷು, ಸೈಕಲ್ಲಿನ ಗಾಳಿಪಂಪು ಇಷ್ಟರಿಂದ ಕೆಲಸವು ಮುಗಿಯಿತು. ಕೆಲವು ಮುಚ್ಚಳಗಳಲ್ಲಿ ಗಾಳಿಯನ್ನು ಒಳಕ್ಕೆ ಬಿಟ್ಟು ಪೆಟ್ರೋಲನ್ನು ಹೊರಕ್ಕೆ ಬಿಡದ ಕವಾಟವಿರುವುದರಿಂದ ಪಂಪನ್ನು ಹೊರಬದಿಯಿಂದಲೇ ಹಿಡಿದು ನೋಡಬೇಕು. ರಸ್ತೆಯಲ್ಲಿ ವಾಹನವು ನಿಂತಾಗ ಬದಿಗೆ ಸರಿಸಿ ಮುಚ್ಚಳವನ್ನೊಮ್ಮೆ ತೆರೆದು ಮುಚ್ಚಿ ಮನೆಗೆ ಬರಬಹುದು. ತೆರೆದಿಟ್ಟುಕೊಂಡೇ ಓಡಿಸುವುದು ಮಾತ್ರ ಬೆಂಕಿಯೊಡನೆ ಸರಸ.

ಮುಚ್ಚಳವನ್ನು ತೆರೆದಿಟ್ಟಾಗಲೂ ಹರಿವು ಸಣ್ಣದಾಗಿದ್ದರೆ ತಡೆಯು ಕೆಳಗಿದೆ. ನಲ್ಲಿಯ ಜಾಲರಿಗೆ ತುಕ್ಕಿನ ಹುಡಿ ಕವಿದಿರಬಹುದು, ಕೊಳವೆಯು ಮಡಿಚಿಕೊಂಡಿರಬಹುದು, ಹಳೆಯ ರಬ್ಬರು ಮದ್ಯಸಾರದ ಸಹವಾಸದಿಂದ ಉಬ್ಬಿ ಒಳಗೇ ಇಕ್ಕಟ್ಟಾಗಿರಬಹುದು. ಕೊಳವೆಯಲ್ಲಿ ಹರಿವು ಚೆನ್ನಾಗಿದ್ದು ಬಟ್ಟಲಿಗೆ ಮಾತ್ರ ಬಾರದಿದ್ದರೆ ತೇಲಿನ ಸೂಜಿಯು ಅಂಟಿಕೊಂಡಿದೆ. ಬಟ್ಟಲು ತುಂಬಿದ್ದೂ ಯಂತ್ರವು ತೇಕಿದರೆ ರಂಧ್ರಗಳನ್ನು ಬಿಚ್ಚಬೇಕು. ಮಂದಗತಿಯ ರಂಧ್ರವು ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಅದಕ್ಕೆ ಉಕ್ಕಿನ ತಂತಿಯನ್ನು ತೂರಿಸಿದರೆ ಹಿತ್ತಾಳೆಯು ಸವೆದು ರಂಧ್ರವು ಹಿಗ್ಗಿ, ಅಳತೆಯು ಶಾಶ್ವತವಾಗಿ ಕೆಡುತ್ತದೆ. ಗಾಳಿಯನ್ನು ಊದಿಯೇ ಬಿಡಿಸಬೇಕು.

ಮೈಸೂರಿನಲ್ಲಿ ೧೯೬೧ರಿಂದ ೧೯೯೬ರವರೆಗೆ, ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ತಯಾರಾಗುತ್ತಿದ್ದ ವಾಹನಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರು ನಮ್ಮ ರಾಜ್ಯದಲ್ಲಿ ಅನೇಕರಿದ್ದಾರೆ. ಹಳೆಯ ಜಾವಾದ ಕಾರ್ಬುರೇಟರಿನಲ್ಲಿ ತೇಲನ್ನು ಒತ್ತುವ ಒಂದು ಗುಂಡಿಯುಂಟು. ಚಳಿಯಲ್ಲಿ ಯಂತ್ರವನ್ನು ಹೊರಡಿಸಲೆಂದು ಇಟ್ಟುದು. ಅದನ್ನು ಒತ್ತಿದಾಗ ಪೆಟ್ರೋಲು ಉಕ್ಕಿ ಬಂದರೆ ಬಟ್ಟಲಿನವರೆಗೆ ದಾರಿಯು ಸರಿಯಾಗಿದೆ, ಬಾರದಿದ್ದರೆ ಮೇಲೆ ಹುಡುಕಬೇಕು. ಒಂದು ತಿರುಪನ್ನೂ ಬಿಚ್ಚದೆ ಅರ್ಧ ಪರೀಕ್ಷೆಯನ್ನು ಮುಗಿಸುವ ಈ ಅನುಕೂಲವು ಬಹಳಷ್ಟು ಹೊಸ ವಾಹನಗಳಿಗೆ ಬರಲಿಲ್ಲವೆಂಬುದು ನನ್ನ ಕೊರಗು. ಆ ವಾಹನಗಳಲ್ಲಿ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸುತ್ತಿದ್ದುದರಿಂದ, ತಿಂಗಳುಗಟ್ಟಲೆ ನಿಲ್ಲಿಸಿದರೆ ಪೆಟ್ರೋಲು ಆರಿ ಎಣ್ಣೆಯು ಮಾತ್ರ ಉಳಿದು ರಂಧ್ರಗಳನ್ನು ಕಟ್ಟುತ್ತದೆ. ನಿಲ್ಲಿಸುವ ಮುನ್ನ ನಲ್ಲಿಯನ್ನು ಮುಚ್ಚಿ, ಬಟ್ಟಲು ಬರಿದಾಗುವವರೆಗೆ ಯಂತ್ರವನ್ನು ನಡೆಸುವುದು ಒಳ್ಳೆಯದು.

೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ನಿಯಮವು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬುರೇಟರು ಬಹುತೇಕ ಕಣ್ಮರೆಯಾಗಿದೆ. ಅವುಗಳ ಟಾಂಕಿಯೊಳಗೆಯೇ ವಿದ್ಯುತ್ ಪಂಪಿದ್ದು, ವಾಯುಮಂಡಲದ ಸುಮಾರು ಮೂರರಷ್ಟು ಒತ್ತಡದಿಂದ ಪೆಟ್ರೋಲನ್ನು ಚಿಮ್ಮಿಸುತ್ತದೆ. ಅಲ್ಲಿ ಶೇಕಡ ಎರಡರ ಕೊರತೆಯು ಯಂತ್ರವನ್ನು ನಿಲ್ಲಿಸಲಾರದು. ಆದರೂ ಟಾಂಕಿಗೆ ಉಸಿರು ಬೇಕು. ಅದು ಇದ್ದಲಿನ ಡಬ್ಬಿಯೊಂದರ ಮೂಲಕ ಒದಗುತ್ತದೆ, ಆ ಡಬ್ಬಿಯ ಕೊಳವೆಯು ಮಡಿಚಿದರೆ ತೊಂದರೆಯು ತಡವಾಗಿಯಾದರೂ ಬರುತ್ತದೆ. ಇಂತಹ ವಾಹನವು ನಿಂತಾಗ ಕೊಳವೆಯನ್ನು ಕೀಳಲು ಹೋಗಬಾರದು. ಒತ್ತಡದಲ್ಲಿರುವ ಪೆಟ್ರೋಲು ಮುಖಕ್ಕೆ ಎರಚೀತು. ಕೀಲಿಯನ್ನು ತಿರುವಿ ಕಿವಿಗೊಡಬೇಕು: ಎರಡು ಮೂರು ಸೆಕೆಂಡು ಪಂಪು ‘ಗುಂಯ್’ ಎಂದು ಸುಮ್ಮನಾದರೆ ಅದಕ್ಕೆ ವಿದ್ಯುತ್ತು ಬರುತ್ತಿದೆ; ಸದ್ದೇ ಇಲ್ಲದಿದ್ದರೆ ಫ್ಯೂಸನ್ನು ಮೊದಲು ನೋಡಬೇಕು. ಮಳೆಯ ಅಬ್ಬರದಲ್ಲಿ ಸದ್ದು ಕೇಳಿಸದಿದ್ದರೆ ಟಾಂಕಿಯ ಮೇಲೆ ಅಂಗೈಯನ್ನಿಟ್ಟುಕೊಂಡು ಕೀಲಿಯನ್ನು ತಿರುವಿದರೆ ಪಂಪಿನ ಅದುರು ಕೈಗೆ ತಿಳಿಯುತ್ತದೆ.